ಮಗ ಫ್ರಟರ್ನಿಟಿ ಸೇರುತ್ತೇನೆ ಅಂತ ಕೂತಿದ್ದಾನೆ, ಏನು ಮಾಡಲಿ?

ಹಾಸನದ ಸುಧಾ
ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಗೆ ಬಂದು 19 ವರ್ಷವಾಯಿತು. ದೊಡ್ಡ ಮಗ ಹೋದ ಆಗಸ್ಟ್‌ನಲ್ಲಿ ಕಾಲೇಜು ಸೇರಿದ. ಮನೆಯಿಂದ ಕಾರಿನಲ್ಲಿ ನಾಲ್ಕು ಗಂಟೆ ದಾರಿ. ಮೊದಲ ಸೆಮಿಸ್ಟರ್ ಚೆನ್ನಾಗೇ ಹೋಯಿತು. ಮೊನ್ನೆ ಭಾನುವಾರ ಫೋನ್ ಮಾಡಿ "ಅಮ್ಮಾ, ನನಗೆ ಬಿಡ್ ಸಿಕ್ಕಿತು" ಅಂದ. ಏನೋ ಸ್ಕಾಲರ್‌ಶಿಪ್ ಇರಬೇಕು ಅಂತ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಆಮೇಲೆ ನೋಡಿದರೆ ಅದು ಫ್ರಟರ್ನಿಟಿ ಅನ್ನುವ ಕಾಲೇಜು ಹುಡುಗರ ಸಂಘದವರು ಸೇರಿಕೋ ಅಂತ ಕೊಟ್ಟ ಕರೆಯಂತೆ.

ನಮ್ಮ ಕಡೆಯ ಹುಡುಗರೇ ಜಾಸ್ತಿ ಇರುವ ಗುಂಪು. ಭಾರತ, ಪಾಕಿಸ್ತಾನ, ಶ್ರೀಲಂಕಾ ಮೂಲದವರು. ಸೇರುವ ಮುಂಚೆ ಎಂಟು ವಾರ "ಪ್ಲೆಜ್" ಆಗಿರಬೇಕಂತೆ. ಆ ಎಂಟು ವಾರ ಏನು ಮಾಡಿಸುತ್ತಾರೆ ಅಂತ ಕೇಳಿದರೆ "ಅದನ್ನ ಹೇಳೋ ಹಾಗಿಲ್ಲ ಅಮ್ಮ" ಅನ್ನುತ್ತಾನೆ. ಹೊತ್ತು ಹೊತ್ತಿಗೆ ಊಟ ಏನು ಮಾಡಿದೆ ಅಂತ ಫೋಟೋ ಕಳಿಸುತ್ತಿದ್ದ ಮಗ ಹೇಳುವ ಹಾಗಿಲ್ಲ ಅಂದಿದ್ದು ಇದೇ ಮೊದಲು. ಸೆಮಿಸ್ಟರಿಗೆ 400 ಡಾಲರ್ ಬೇರೆ ಕಟ್ಟಬೇಕು. ಗುರುವಾರದೊಳಗೆ ಉತ್ತರ ಕೊಡಬೇಕಂತೆ.

ನಮ್ಮ ಮನೆಯವರು "ಸೇರಲಿ ಬಿಡೇ, ನಾನೂ ಹಾಸ್ಟೆಲಿನಲ್ಲಿ ಓದಲಿಲ್ವಾ" ಅಂತ ಸುಮ್ಮನಾಗಿದ್ದಾರೆ. ನನಗೆ ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಗೊತ್ತಿದ್ದವರು ಹೇಳಿ, ಇದು ಏನು, ಎತ್ತ?

ಬೈಟೂ ಕಾಫಿ
ಅದರ ಹೆಸರಲ್ಲಿ ಕಪ್ಪಾ ಅನ್ನುವ ಗ್ರೀಕ್ ಅಕ್ಷರ ಇದೆಯಾ ಅಕ್ಕ? ಇದ್ದರೆ 400 ಡಾಲರ್ ಸರಿಯಾಗೇ ಇದೆ. ಕಪ್ಪ ಕೊಡದೆ ಯಾವ ರಾಜ್ಯದೊಳಗೂ ಬಿಡುವುದಿಲ್ಲ.

ಹಾಸನದ ಸುಧಾ
ನಗು ಬಂತು. ಆದರೂ ಭಯ ಹೋಗಲಿಲ್ಲ.

ಕರಿಬೇವು
ನನ್ನ ಮಗಳು ದಕ್ಷಿಣದ ಒಂದು ರಾಜ್ಯದಲ್ಲಿ ಸೊರಾರಿಟಿ ಸೇರಿ ಎರಡು ವರ್ಷ ಆಯಿತು. ನಾನೂ ನಿಮ್ಮ ಹಾಗೇ ಹೆದರಿದ್ದೆ ಸುಧಾ. ಹುಡುಗರದು ಫ್ರಟರ್ನಿಟಿ, ಹುಡುಗಿಯರದು ಸೊರಾರಿಟಿ. ಗ್ರೀಕ್ ಅಕ್ಷರದ ಹೆಸರು ಇಟ್ಟುಕೊಳ್ಳುವುದರಿಂದ ಎಲ್ಲ ಸೇರಿ "ಗ್ರೀಕ್ ಲೈಫ್" ಅನ್ನುತ್ತಾರೆ. ಗ್ರೀಸ್ ದೇಶಕ್ಕೂ ಇದಕ್ಕೂ ಸಂಬಂಧ ಇಲ್ಲ. ಒಂದೊಂದು ಕಾಲೇಜಿನಲ್ಲಿರುವ ಶಾಖೆಗೆ ಚಾಪ್ಟರ್ ಅಂತ ಹೆಸರು. ಮೇಲೆ ಒಂದು ಕೇಂದ್ರ ಕಚೇರಿ, ಅದನ್ನು ಮಕ್ಕಳು "ನ್ಯಾಷನಲ್ಸ್" ಅನ್ನುತ್ತಾರೆ.

ಮಗಳ ಕಾಲೇಜಿನಲ್ಲಿ ಪಾಠ ಶುರುವಾಗುವ ಮುಂಚೆ ಆಗಸ್ಟಿನಲ್ಲೇ ರಶ್, ಅಂದರೆ ಹೊಸಬರನ್ನು ಆರಿಸುವ ವಾರ. ಆ ಬಿಸಿಲಿನಲ್ಲಿ ಸೊರಾರಿಟಿಗಳ ಮನೆಯಿಂದ ಮನೆಗೆ ಹೋಗಿ ನಗುತ್ತಾ ಮಾತಾಡಬೇಕು. ಇವರು ಅವರನ್ನು ಒಪ್ಪಬೇಕು, ಅವರು ಇವರನ್ನು ಒಪ್ಪಬೇಕು. ಥೇಟ್ ಹೆಣ್ಣು ನೋಡುವ ಶಾಸ್ತ್ರ, ಒಂದು ವಾರ ಪೂರ್ತಿ. ಉಪ್ಪಿಟ್ಟು ಕೇಸರಿಬಾತ್ ಒಂದು ಇರಲಿಲ್ಲ. ಬಟ್ಟೆಗೆ ಆದ ಖರ್ಚು ಇಲ್ಲಿ ಬರೆದರೆ ನಮ್ಮ ಯಜಮಾನರು ಓದಿಬಿಡುತ್ತಾರೆ.

ಶರಾವತಿ ದಂಡೆ
ನಾನು ಒಂದೇ ಮಾತು ಹೇಳುತ್ತೇನೆ, ಬೇಡ. ಕುಡಿತ, ಗಲಾಟೆ, ಓದು ಹಾಳು. ಇಷ್ಟು ದುಡ್ಡು ಸುರಿದು ಕಾಲೇಜಿಗೆ ಕಳಿಸುವುದು ಇದಕ್ಕಾ?

ಚರಿತ್ರೆ ಮೇಷ್ಟ್ರು
ಅಷ್ಟು ಬೇಗ ತೀರ್ಪು ಬೇಡ. ಇದರ ಮೂಲ ಕುಡಿತ ಅಲ್ಲ, ಚರ್ಚಾಕೂಟ. 1776ರ ಡಿಸೆಂಬರ್ 5ರಂದು ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನ ಹುಡುಗರು ಫೈ ಬೀಟಾ ಕಪ್ಪಾ ಕಟ್ಟಿದರು. ಅಮೆರಿಕ ಸ್ವಾತಂತ್ರ್ಯ ಘೋಷಿಸಿ ಐದು ತಿಂಗಳಾಗಿತ್ತು ಅಷ್ಟೇ. ಗುಟ್ಟಾದ ಕೈಕುಲುಕು, ಗುಟ್ಟಾದ ಪ್ರತಿಜ್ಞೆ ಎಲ್ಲಾ ಇತ್ತು. ಮೇಷ್ಟ್ರುಗಳ ಕಿವಿಗೆ ಬೀಳದ ಹಾಗೆ ಮನಸ್ಸಿಗೆ ಬಂದ ವಿಷಯ ಚರ್ಚೆ ಮಾಡಬೇಕಿತ್ತು, ಅದಕ್ಕೆ ಗುಟ್ಟು. ಆ ಮೂರು ಅಕ್ಷರಗಳು ಒಂದು ಗ್ರೀಕ್ ವಾಕ್ಯದ ಮೊದಲಕ್ಷರಗಳು. ಕಲಿಯುವ ಪ್ರೀತಿಯೇ ಬದುಕಿಗೆ ದಾರಿ ತೋರಿಸುತ್ತದೆ ಅಂತ ಅರ್ಥ.

ಇವತ್ತು ನಾವು ನೋಡುವ ತರಹದ ಫ್ರಟರ್ನಿಟಿ ಶುರುವಾಗಿದ್ದು ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ, 1825ರಲ್ಲಿ, ಕಪ್ಪಾ ಆಲ್ಫಾ ಸೊಸೈಟಿಯಿಂದ. ಎರಡೇ ವರ್ಷದಲ್ಲಿ ಅದೇ ಕಾಲೇಜಿನಲ್ಲಿ ಸಿಗ್ಮಾ ಫೈ, ಡೆಲ್ಟಾ ಫೈ ಹುಟ್ಟಿದವು. ಮುಂದೆ ಇವರು ಸ್ವಂತ ಮನೆ ಮಾಡಿಕೊಂಡರು. ಚರ್ಚೆ ಹಿಂದೆ ಸರಿದು ಮನೆ ಮುಂದೆ ಬಂದಿದ್ದು ಆಗಲೇ.

ಅಟ್ಲಾಂಟಾ ಅಯ್ಯ
ಮೇಷ್ಟ್ರೇ, ನಮ್ಮ ಅಣ್ಣನ ಮಗನಿಗೂ ಫೈ ಬೀಟಾ ಕಪ್ಪಾ ಸಿಕ್ಕಿತ್ತು. ಅವನು ಯಾವ ಮನೆಯಲ್ಲೂ ಇರಲಿಲ್ಲವಲ್ಲ?

ಚರಿತ್ರೆ ಮೇಷ್ಟ್ರು
ಅದು ಈಗ ಫ್ರಟರ್ನಿಟಿ ಅಲ್ಲ, ಆನರ್ ಸೊಸೈಟಿ. ಚೆನ್ನಾಗಿ ಓದಿದವರನ್ನು ಅವರೇ ಆರಿಸುತ್ತಾರೆ. ಎಂಜಿನಿಯರಿಂಗ್‌ನವರಿಗೆ ಟೌ ಬೀಟಾ ಪೈ ಇದೆ, 1885ರಿಂದ. ಗ್ರೀಕ್ ಅಕ್ಷರ ಕಂಡ ತಕ್ಷಣ ಬೀರ್ ಕ್ಯಾನ್ ನೆನಪಿಸಿಕೊಳ್ಳಬೇಡಿ ಅನ್ನುವುದಕ್ಕೇ ಅಷ್ಟು ಬರೆದೆ. ಅಣ್ಣನ ಮಗನಿಗೆ ಅಭಿನಂದನೆ ಹೇಳಿ.

ಡಲ್ಲಾಸ್ ಪುಟ್ಟ
ಹಲೋ ಆಂಟಿ. ನಾನು ಇಲ್ಲೇ ಹುಟ್ಟಿದವನು, ಕನ್ನಡ ಅಜ್ಜಿ ಕಲಿಸಿದ್ದು, ತಪ್ಪಿದ್ದರೆ ಬೈಬೇಡಿ. ನಾನೇ ಒಂದು ಸೌತ್ ಏಷ್ಯನ್ ಫ್ರಟರ್ನಿಟಿಯ ಮೆಂಬರ್. ಯಾವುದು ಅಂತ ಹೇಳುವುದಿಲ್ಲ.

ನಮ್ಮವರ ಗುಂಪುಗಳು ಹೊಸವು. ಅಯೋಟಾ ನೂ ಡೆಲ್ಟಾ 1994ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್‌ನಲ್ಲಿ ಶುರುವಾಯಿತು. ಸಿಗ್ಮಾ ಬೀಟಾ ರೋ 1996ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ಡೆಲ್ಟಾ ಎಪ್ಸಿಲಾನ್ ಸೈ 1998ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಹುಡುಗಿಯರ ಡೆಲ್ಟಾ ಫೈ ಒಮೆಗಾ ಅದೇ ವರ್ಷ ಹ್ಯೂಸ್ಟನ್‌ನಲ್ಲಿ. ನಿಮ್ಮಂಥ ಅಪ್ಪ ಅಮ್ಮ ವಲಸೆ ಬಂದರಲ್ವಾ, ಅವರ ಮಕ್ಕಳು ಕಾಲೇಜಿಗೆ ಬಂದ ಕಾಲ ಅದು.

ನಾನು ಕಾಲೇಜಿಗೆ ಹೋದಾಗ ಮೊದಲ ಮೂರು ತಿಂಗಳು ಊಟಕ್ಕೆ ಒಬ್ಬನೇ ಕೂರುತ್ತಿದ್ದೆ. ಬಿಳಿ ಹುಡುಗರ ಜತೆ ಹೊಂದಲಿಲ್ಲ. ಇಂಡಿಯಾದಿಂದ ಎಂಎಸ್‌ಗೆ ಬಂದವರು ನನ್ನನ್ನು ಅಮೆರಿಕನ್ ಅಂತ ದೂರ ಇಟ್ಟರು. ಫ್ರಟರ್ನಿಟಿಯಲ್ಲಿ ನನಗೆ "ಬಿಗ್" ಸಿಕ್ಕಿದ. ಬಿಗ್ ಅಂದರೆ ಅಣ್ಣ ಅಂತ ನಿಮಗೆ ಒಪ್ಪಿಸುವ ಸೀನಿಯರ್, ನೀವು ಅವನ "ಲಿಟಲ್". ನನಗೆ ಟೈ ಕಟ್ಟುವುದು, ಇಂಟರ್‌ವ್ಯೂಗೆ ಮಾತಾಡುವುದು ಹೇಳಿಕೊಟ್ಟಿದ್ದು ಅವನೇ. ನನ್ನ ಮೊದಲ ಕೆಲಸವೂ ಅವನ ಪರಿಚಯದಿಂದಲೇ. ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆದಾಗ ರಾತ್ರಿ 3 ಗಂಟೆಗೆ ನನ್ನನ್ನು ಏರ್‌ಪೋರ್ಟಿಗೆ ಬಿಟ್ಟವನೂ ಅವನೇ.

ಮಗನನ್ನು ತಡೆಯಬೇಡಿ ಆಂಟಿ. ಪ್ರಶ್ನೆ ಕೇಳಿ, ತಡೆಯಬೇಡಿ.

ಹುಬ್ಬಳ್ಳಿ ಮೆಣಸಿನಕಾಯಿ
ಪುಟ್ಟ, ಎಲ್ಲಾ ಚಂದ ಬರೆದೆ. ಆ ಎಂಟು ವಾರದ ಬಗ್ಗೆ ಮಾತ್ರ ಒಂದು ಸಾಲೂ ಬರೆಯಲಿಲ್ಲ. ಅಕ್ಕ ಕೇಳಿದ್ದು ಅದನ್ನೇ ಅಲ್ವಾ?

ಡಲ್ಲಾಸ್ ಪುಟ್ಟ
ಬರೆಯುತ್ತೇನೆ. ಸ್ವಲ್ಪ ಸಮಯ ಕೊಡಿ.

ತುಮಕೂರಿನ ಅಜ್ಜ
ಈ ಅಮೆರಿಕದ ವಿಷಯ ನನಗೆ ತಿಳಿಯದು, ಮಗನ ಮನೆಗೆ ಬಂದು ಎರಡು ತಿಂಗಳಾಯಿತು ಅಷ್ಟೇ. ಆದರೆ ಓದಲು ಊರು ಬಿಟ್ಟ ಹುಡುಗನಿಗೆ ಒಂದು ಗೂಡು ಬೇಕು ಅನ್ನುವುದು ತಿಳಿಯುತ್ತದೆ. ನಾನು ವಾರಾನ್ನದ ಹುಡುಗ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಗುರುವಾರದ ಮನೆ ಸಿಗದೆ ಒಂದು ವರ್ಷ ಪ್ರತಿ ಗುರುವಾರ ಕಡಲೆಪುರಿ ತಿಂದು ಮಲಗಿದ್ದೇನೆ. ನನ್ನ ಸ್ನೇಹಿತರು ಕೆಲವರು ಸಿದ್ಧಗಂಗೆಯಲ್ಲಿ ಇದ್ದರು. ಅಲ್ಲಿ ಯಾವ ಜಾತಿಯೆಂದು ಕೇಳದೆ ಊಟ ಹಾಕಿ ಓದಿಸುತ್ತಿದ್ದರು. ಮಿಕ್ಕವರು ಅವರವರ ಜನಾಂಗದ ಹಾಸ್ಟೆಲ್ ಹಿಡಿದರು. ಆ ಹಾಸ್ಟೆಲ್ ಇಲ್ಲದಿದ್ದರೆ ನಮ್ಮ ಕಾಲದ ಎಷ್ಟೋ ಹಳ್ಳಿ ಹುಡುಗರು ಎಸ್ಸೆಸ್ಸೆಲ್ಸಿ ದಾಟುತ್ತಲೇ ಇರಲಿಲ್ಲ.

ಶರಾವತಿ ದಂಡೆ
ಅಜ್ಜನವರೇ, ಹೋಲಿಕೆ ಸರಿ ಇಲ್ಲ. ನಿಮಗೆ ಇಲ್ಲದೇ ಇದ್ದದ್ದು ಊಟ. ಇವರಿಗೆ ಡಾರ್ಮ್ ಇದೆ, ಮೆಸ್ ಇದೆ, ಎಲ್ಲಾ ಇದೆ.

ಹುಬ್ಬಳ್ಳಿ ಮೆಣಸಿನಕಾಯಿ
ನನಗೆ ಹೋಲಿಕೆ ಸರಿ ಅನಿಸುತ್ತದೆ, ಆದರೆ ಬೇರೆ ಕಾರಣಕ್ಕೆ. ಜನಾಂಗದ ಹಾಸ್ಟೆಲ್ ಒಳಗಿದ್ದವರಿಗೆ ಗೂಡು, ಹೊರಗಿದ್ದವರಿಗೆ ಗೋಡೆ. ಇಲ್ಲೂ ಅಷ್ಟೇ. ಅಪ್ಪ ಮೆಂಬರ್ ಆಗಿದ್ದರೆ ಮಗನಿಗೆ "ಲೆಗಸಿ" ಅಂತ ಹೆಸರು, ಎಷ್ಟೋ ಕಡೆ ಅವನಿಗೆ ಸೇರುವ ದಾರಿ ಸಲೀಸು. 2015ರಲ್ಲಿ ಓಕ್ಲಹೋಮಾ ವಿಶ್ವವಿದ್ಯಾಲಯದಲ್ಲಿ ಒಂದು ಹಳೇ ಫ್ರಟರ್ನಿಟಿಯ ಹುಡುಗರು ಬಸ್ಸಿನಲ್ಲಿ ಕಪ್ಪು ಜನರನ್ನು ಎಂದೂ ಸೇರಿಸುವುದಿಲ್ಲ ಅಂತ ಹಾಡಿ ಕುಣಿದ ವಿಡಿಯೋ ಹೊರಗೆ ಬಂತು. ಆ ಚಾಪ್ಟರ್ ಮುಚ್ಚಿಸಿದರು. ಬಸ್ಸಿನಲ್ಲಿದ್ದ ಅಷ್ಟೂ ಹುಡುಗರಿಗೆ ಹಾಡು ಬಾಯಿಪಾಠ ಇತ್ತಲ್ಲ, ಅದು ನನ್ನ ತಲೆಯಿಂದ ಹೋಗುವುದಿಲ್ಲ.

ಚರಿತ್ರೆ ಮೇಷ್ಟ್ರು
ಗೋಡೆಯ ಮಾತು ಬಂದಿದ್ದಕ್ಕೆ ಇನ್ನೊಂದು. ಕಾರ್ನೆಲ್ ಕ್ಯಾಂಪಸ್‌ನಲ್ಲಿ 1905ರ ಸುಮಾರಿಗೆ ಇದ್ದ ಕಪ್ಪು ವಿದ್ಯಾರ್ಥಿಗಳು ಬೆರಳೆಣಿಕೆ. ಸೇರುವುದಕ್ಕೆ ಒಂದು ಕೂಟ ಇಲ್ಲ, ಜತೆಗೆ ಓದುವುದಕ್ಕೆ ಜನ ಇಲ್ಲ. ಎಷ್ಟೋ ಜನ ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು. 1906ರ ಡಿಸೆಂಬರ್ 4ರಂದು ಏಳು ಜನ ಸೇರಿ ಆಲ್ಫಾ ಫೈ ಆಲ್ಫಾ ಕಟ್ಟಿದರು. ಮಾರ್ಟಿನ್ ಲೂಥರ್ ಕಿಂಗ್ ಅದರ ಸದಸ್ಯರು. 1908ರಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಕಪ್ಪಾ ಆಲ್ಫಾ ಸೊರಾರಿಟಿ ಬಂತು. ಕಮಲಾ ಹ್ಯಾರಿಸ್ ಅಲ್ಲಿ ಓದುವಾಗ ಸೇರಿದ್ದು ಅದನ್ನೇ. ಇಂಥ ಒಂಬತ್ತು ಸಂಘಗಳಿಗೆ "ಡಿವೈನ್ ನೈನ್" ಅನ್ನುತ್ತಾರೆ. ಅವರಲ್ಲಿ ಸದಸ್ಯತ್ವ ಕಾಲೇಜಿಗೆ ಮುಗಿಯುವುದಿಲ್ಲ. ಅರವತ್ತು ವರ್ಷದ ಹೆಂಗಸರು ಗುಲಾಬಿ ಹಸಿರು ಬಣ್ಣದ ಕೋಟು ಹಾಕಿಕೊಂಡು ಸಭೆಗೆ ಹೋಗುವುದನ್ನು ನಾನೇ ನೋಡಿದ್ದೇನೆ. ಗೋಡೆ ಕಟ್ಟಿಕೊಂಡವರ ಮನೆ, ಗೋಡೆಯಾಚೆ ತಳ್ಳಿಸಿಕೊಂಡವರ ಮನೆ, ಎರಡೂ ಒಂದೇ ಅಲ್ಲ.

ಬೈಟೂ ಕಾಫಿ
ಮೇಷ್ಟ್ರು ಪಾಠಕ್ಕೆ ಇಳಿದರು. ಹಿಂದಿನ ಬೆಂಚಿನವರು ಮಲಗಬಹುದು.

ಕರಿಬೇವು
ಮಲಗುವ ಮುಂಚೆ ಒಂದು ಸೇರಿಸುತ್ತೇನೆ. ದೊಡ್ಡ ಸೊರಾರಿಟಿಗಳ ಮನೆಯಲ್ಲಿ ಮದ್ಯ ಇಡುವ ಹಾಗಿಲ್ಲ. ನನಗೆ ಎಷ್ಟು ಖುಷಿಯಾಯಿತು ಅಂದರೆ ಊರಿಗೆಲ್ಲ ಫೋನ್ ಮಾಡಿ ಹೇಳಿದೆ. ಆಮೇಲೆ ಮಗಳೇ ಬಿಡಿಸಿ ಹೇಳಿದಳು, ಅದಕ್ಕೇ ಪಾರ್ಟಿಗಳೆಲ್ಲ ಹುಡುಗರ ಮನೆಯಲ್ಲಿ ಅಂತ. ಅಂದರೆ ಬಾಗಿಲು ಅವರದು, ಗ್ಲಾಸು ಅವರದು, ಒಳಗೆ ಯಾರನ್ನು ಬಿಡಬೇಕು ಅನ್ನುವುದೂ ಅವರದು. ಹೆಣ್ಣುಮಕ್ಕಳ ತಾಯಂದಿರು ಇದನ್ನು ಯೋಚನೆ ಮಾಡಿ.

ಊಟದ ವಿಷಯ ಯಾರೂ ಕೇಳಲಿಲ್ಲ. ಮಗಳ ಮನೆಯಲ್ಲಿ ಅಡುಗೆಯವರು ಇದ್ದಾರೆ. ಸಸ್ಯಾಹಾರಿ ಅಂದಿದ್ದಕ್ಕೆ ಮೊದಲ ತಿಂಗಳು ಬರೀ ಸಲಾಡ್. ನಾನು ಅವರಿಗೆ ನಿಂಬೆಹಣ್ಣಿನ ಚಿತ್ರಾನ್ನ ಕಲಿಸಿ ಬಂದೆ. ಈಗ ಪ್ರತಿ ಮಂಗಳವಾರ ನಲವತ್ತು ಹುಡುಗಿಯರು ಚಿತ್ರಾನ್ನ ತಿನ್ನುತ್ತಾರೆ.

ಅಟ್ಲಾಂಟಾ ಅಯ್ಯ
ಕಡಲೆಬೀಜ ಹಾಕುತ್ತಾರಾ? ಅಲ್ಲಿ ಅಲರ್ಜಿ ಜನ ಜಾಸ್ತಿ.

ಕರಿಬೇವು
ಇಲ್ಲ, ಬರೀ ಕಡಲೆಬೇಳೆ ಉದ್ದಿನಬೇಳೆ. ಕರಿಬೇವು ಮಾತ್ರ ತೆಗೆದು ತಟ್ಟೆ ಪಕ್ಕಕ್ಕೆ ಇಡುತ್ತಾರಂತೆ. ನನಗೆ ವೈಯಕ್ತಿಕವಾಗಿ ಬೇಜಾರಾಯಿತು.

ಎಮರ್ಜೆನ್ಸಿ ಡಾಕ್ಟರಮ್ಮ
ಚಿತ್ರಾನ್ನದ ನಡುವೆ ಕಹಿ ಮಾತು ಹೇಳುತ್ತಿದ್ದೇನೆ, ಕ್ಷಮಿಸಿ. ಕಾಲೇಜು ಇರುವ ಊರಿನ ಎಮರ್ಜೆನ್ಸಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಇಲ್ಲಿ ಕುಡಿಯುವ ವಯಸ್ಸು 21. ನನ್ನ ಮುಂದೆ ಬರುವವರು 18, 19.

2017ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ಕ್ಯಾಂಪಸ್‌ನಲ್ಲಿ ನಡೆದಿದ್ದನ್ನು ನ್ಯೂಜೆರ್ಸಿಯವರು ಮರೆತಿರಲಾರರು. ಹುಡುಗ ನಿಮ್ಮ ರಾಜ್ಯದವನೇ, 19 ವರ್ಷ. ಫ್ರಟರ್ನಿಟಿ ಸೇರಿದ ರಾತ್ರಿ ಒಂದೂವರೆ ಗಂಟೆಯೊಳಗೆ 18 ಸಲ ಕುಡಿಸಿದರು. ಮೆಟ್ಟಿಲಿನಿಂದ ಬಿದ್ದ. ಅವನನ್ನು ಸೋಫಾ ಮೇಲೆ ಮಲಗಿಸಿದರು, ಅಂಗಾತ ಹೊರಳದಿರಲಿ ಅಂತ ಬೆನ್ನಿಗೆ ಪುಸ್ತಕ ತುಂಬಿದ ಚೀಲ ಕಟ್ಟಿದರು. ಸುಮಾರು ಹನ್ನೆರಡು ಗಂಟೆ ಯಾರೂ ಆಂಬುಲೆನ್ಸ್ ಕರೆಯಲಿಲ್ಲ. ಹುಡುಗ ಉಳಿಯಲಿಲ್ಲ. ಮನೆಯ ಕ್ಯಾಮೆರಾದಲ್ಲಿ ಎಲ್ಲಾ ದಾಖಲಾಗಿತ್ತು. ಅವನ ಹೆಸರಿನಲ್ಲೇ ಪೆನ್ಸಿಲ್ವೇನಿಯಾದಲ್ಲಿ 2018ರಲ್ಲಿ, ನ್ಯೂಜೆರ್ಸಿಯಲ್ಲಿ 2021ರಲ್ಲಿ ಕಾನೂನು ಬಂತು.

ಮಗನಿಗೆ ಇಷ್ಟು ಹೇಳಿಕೊಡಿ. ಕುಡಿಯುವುದು ನಿಲ್ಲಿಸಿದ ಮೇಲೂ ರಕ್ತದಲ್ಲಿ ಮದ್ಯದ ಪ್ರಮಾಣ ಏರುತ್ತಲೇ ಇರುತ್ತದೆ. "ಮಲಗಿದರೆ ಸರಿಹೋಗುತ್ತಾನೆ" ಅನ್ನುವುದು ದೊಡ್ಡ ಸುಳ್ಳು. ಅಲ್ಲಾಡಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಆದರೆ, ತುಟಿ ನೀಲಿಯಾದರೆ 911ಕ್ಕೆ ಫೋನ್. ಒಂದು ಮಗ್ಗುಲಿಗೆ ಮಲಗಿಸಬೇಕು, ಅಂಗಾತ ಅಲ್ಲ. ಕಾಫಿ, ತಣ್ಣೀರು ಯಾವುದೂ ಕೆಲಸ ಮಾಡುವುದಿಲ್ಲ. ಹತ್ತಿರ ಕೂತಿರಬೇಕು, ಬಿಟ್ಟು ಹೋಗಬಾರದು. ಬಹಳ ರಾಜ್ಯಗಳಲ್ಲಿ ಸಹಾಯಕ್ಕೆ ಫೋನ್ ಮಾಡಿದವರ ಮೇಲೆ ವಯಸ್ಸಿಗೆ ಮುಂಚೆ ಕುಡಿದ ಕೇಸ್ ಹಾಕುವುದಿಲ್ಲ. ಮಕ್ಕಳಿಗೆ ಅದೇ ಗೊತ್ತಿರುವುದಿಲ್ಲ. ಪೊಲೀಸ್ ಬರುತ್ತಾರೆ ಅಂತ ಹೆದರಿ ಕಾಯುತ್ತಾರೆ.

ಹಾಸನದ ಸುಧಾ
ಡಾಕ್ಟರ್, ಎರಡು ಸಲ ಓದಿದೆ. ಬೆನ್ನಿಗೆ ಚೀಲ ಕಟ್ಟಿದ್ದು ಓದಿ ಮುಂದಕ್ಕೆ ಓದಲಾಗಲಿಲ್ಲ. ಹಾಗೇ ಮಗನಿಗೆ ಕಳಿಸಿದ್ದೇನೆ.

ಶರಾವತಿ ದಂಡೆ
ಇನ್ನೇನು ಬೇಕು? ನಾನು ಮೊದಲೇ ಹೇಳಿದೆ. ಅಲ್ಲದೆ 2024ರಲ್ಲಿ ಹೇಜಿಂಗ್ ಅನ್ನು, ಅಂದರೆ ಸೇರುವ ಹೊಸಬರನ್ನು ಪೀಡಿಸುವುದನ್ನು, ಕೇಂದ್ರ ಸರ್ಕಾರವೇ ಅಪರಾಧ ಅಂತ ಮಾಡಿತು.

ಲಾ ಪಾಯಿಂಟ್
ಸಣ್ಣ ತಿದ್ದುಪಡಿ. 2024ರ ಡಿಸೆಂಬರಿನಲ್ಲಿ ಬೈಡನ್ ಸಹಿ ಮಾಡಿದ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆಕ್ಟ್ ಹೊಸ ಅಪರಾಧ ಮಾಡಲಿಲ್ಲ. ಅಪರಾಧ, ಶಿಕ್ಷೆ ಎಲ್ಲಾ ಆಯಾ ರಾಜ್ಯದ ಕಾನೂನು. ಈ ಕಾಯ್ದೆ ಕಾಲೇಜುಗಳಿಗೆ ಹೇಳುವುದು, ಎಲ್ಲಿ ಹೇಜಿಂಗ್ ನಡೆದದ್ದು ಸಾಬೀತಾಯಿತೋ ಆ ಗುಂಪಿನ ಹೆಸರು, ಏನು ಕ್ರಮ ಆಯಿತು ಅನ್ನುವುದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿ ಅಂತ. ಸುಧಾ ಅವರೇ, ಮಗನ ಕಾಲೇಜಿನ ಆ ವರದಿ ಹುಡುಕಿ. ಅದರಲ್ಲಿ ಹೆಸರಿಲ್ಲ ಅಂದರೆ ಏನೂ ನಡೆದಿಲ್ಲ ಅಂತಲ್ಲ, ಸಿಕ್ಕಿಬಿದ್ದಿಲ್ಲ ಅಂತ ಅಷ್ಟೇ. ಹೆಸರಿದ್ದರೆ ಮಾತ್ರ ಅಲ್ಲಿಗೇ ಮುಗಿಯಿತು.

"ನಾನೇ ಒಪ್ಪಿ ಮಾಡಿದೆ" ಅಂದರೂ ನಡೆಯುವುದಿಲ್ಲ. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಹುಡುಗ ಒಪ್ಪಿದ್ದ ಅನ್ನುವುದು ಸೀನಿಯರ್‌ಗಳಿಗೆ ರಕ್ಷಣೆ ಅಲ್ಲ ಅಂತ ಕಾನೂನಿನಲ್ಲೇ ಬರೆದಿದೆ. ಇನ್ನೊಂದು, ಮಗನಿಗೆ 18 ಆಗಿದೆ. ವಿದ್ಯಾರ್ಥಿಗಳ ದಾಖಲೆ ಗುಟ್ಟಾಗಿಡುವ ಫೆರ್ಪಾ ಕಾನೂನಿನಿಂದ ಕಾಲೇಜು ಸಾಮಾನ್ಯವಾಗಿ ಅವನ ವಿಷಯ ನಿಮಗೆ ಹೇಳುವುದಿಲ್ಲ. 21ರೊಳಗಿನವರು ಮದ್ಯದ ನಿಯಮ ಮುರಿದರೆ ಹೇಳಬಹುದು ಅಂತ ಇದೆ. ಹೇಳಲೇಬೇಕು ಅಂತ ಇಲ್ಲ. ಅಂದರೆ ನಿಮಗೆ ಸುದ್ದಿ ಬರುವುದಿದ್ದರೆ ಅವನ ಬಾಯಿಂದಲೇ ಬರಬೇಕು. ಬೈದು ಆ ಬಾಯಿ ಮುಚ್ಚಿಸಬೇಡಿ.

ದಾವಣಗೆರೆ ಬೆಣ್ಣೆ
ಇದೆಲ್ಲ ಅಮೆರಿಕದ ಕೆಟ್ಟ ಚಟ ಅಂತ ಮಾತಾಡುವವರಿಗೆ ನನ್ನದೊಂದು. 1993ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಎಂಜಿನಿಯರಿಂಗ್ ಕಾಲೇಜು. ಸೀನಿಯರ್ ಎದುರಿಗೆ ಬಂದರೆ ನಮ್ಮ ಅಂಗಿಯ ಮೂರನೇ ಗುಂಡಿ ನೋಡುತ್ತಾ ನಿಲ್ಲಬೇಕು. ತಲೆ ಎತ್ತಿದರೆ ಕಪಾಳಕ್ಕೆ. ರಾತ್ರಿ ಎಬ್ಬಿಸಿ ರೆಕಾರ್ಡ್ ಬರೆಸುತ್ತಿದ್ದರು. ಬೆಂಕಿಕಡ್ಡಿಯಲ್ಲಿ ಕಾರಿಡಾರ್ ಅಳೆಸುತ್ತಿದ್ದರು. 417 ಕಡ್ಡಿ, ಇವತ್ತಿಗೂ ನೆನಪಿದೆ. ನನ್ನ ರೂಂಮೇಟ್ ಬಿಜಾಪುರದ ಹುಡುಗ ಮೂರನೇ ವಾರ ಟ್ರಂಕ್ ತೆಗೆದುಕೊಂಡು ಹೋದವನು ವಾಪಸ್ ಬರಲಿಲ್ಲ. ರ‍್ಯಾಗಿಂಗ್ ಮಾಡಬಾರದು ಅಂತ ಬರೆದಿರುವ ಕರ್ನಾಟಕ ಶಿಕ್ಷಣ ಕಾಯ್ದೆ ಹೆಸರಿಗೆ 1983ರದು, ಜಾರಿಗೆ ಬಂದಿದ್ದು ಮಾತ್ರ 1995ರಲ್ಲಿ. ಯುಜಿಸಿ ಗಟ್ಟಿಯಾಗಿ ನಿಯಮ ತಂದಿದ್ದು 2009ರಲ್ಲಿ, ಹಿಮಾಚಲದ ಮೆಡಿಕಲ್ ಕಾಲೇಜೊಂದರಲ್ಲಿ ಹುಡುಗನೊಬ್ಬ ಸತ್ತ ಮೇಲೆ. ಈಗ ಊರಿನಲ್ಲಿ ಸೇರುವ ಮಕ್ಕಳೂ, ಅಪ್ಪ ಅಮ್ಮನೂ ಬರೆದುಕೊಡಬೇಕು. 1800-180-5522 ಅಂತ ಸಹಾಯವಾಣಿಯೂ ಇದೆ.

ಶರಾವತಿ ದಂಡೆ
ರ‍್ಯಾಗಿಂಗ್‌ನಿಂದ ನಾವು ಗಟ್ಟಿಯಾದೆವು ಅನ್ನುವವರೂ ಇದ್ದಾರೆ.

ದಾವಣಗೆರೆ ಬೆಣ್ಣೆ
ಗಟ್ಟಿಯಾದವರು ಹೇಳುತ್ತಾರೆ. ಟ್ರಂಕ್ ತೆಗೆದುಕೊಂಡು ಹೋದವರನ್ನು ಯಾರು ಕೇಳಿದರು? ನಿಮಗೂ ಮಾರಾಯ್ರೆ, ಫ್ರಟರ್ನಿಟಿ ಬೇಡ, ರ‍್ಯಾಗಿಂಗ್ ಪರವಾಗಿಲ್ಲ, ಇದು ಯಾವ ಲೆಕ್ಕ?

ಡಲ್ಲಾಸ್ ಪುಟ್ಟ
ಮೆಣಸಿನಕಾಯಿ ಅಣ್ಣ ಕೇಳಿದ್ದಕ್ಕೆ ಈಗ ಬರೆಯುತ್ತೇನೆ.

ಎಂಟು ವಾರದಲ್ಲಿ ಜಾಸ್ತಿ ಭಾಗ ಬೇಜಾರು ಹಿಡಿಸುವ ಕೆಲಸ. ಸ್ಥಾಪಕರ ಹೆಸರು, ತಾರೀಕು, ಗ್ರೀಕ್ ಅಕ್ಷರಮಾಲೆ ಬಾಯಿಪಾಠ. ಎಲ್ಲ ಬ್ರದರ್‌ಗಳನ್ನೂ ಒಬ್ಬೊಬ್ಬರಾಗಿ ಭೇಟಿ ಮಾಡಿ ಮಾತಾಡಬೇಕು. ಲೈಬ್ರರಿಯಲ್ಲಿ ಇಷ್ಟು ಗಂಟೆ ಕೂರಲೇಬೇಕು. ಕೊನೆಗೆ "ಕ್ರಾಸ್" ಆದ ಮೇಲೆ, ಅಂದರೆ ಪೂರ್ತಿ ಮೆಂಬರ್ ಆದ ಮೇಲೆ, ಪ್ರೋಬೇಟ್ ಅಂತ ಒಂದು ಪ್ರದರ್ಶನ. ಮುಖ ಮುಚ್ಚಿಕೊಂಡು ಸಾಲಾಗಿ ಬಂದು, ಕೂಗಿ ಕುಣಿದು, ಕೊನೆಗೆ ಒಬ್ಬೊಬ್ಬರಾಗಿ ಮುಖ ತೋರಿಸುತ್ತೇವೆ. ನನ್ನ ಅಮ್ಮ ಬಂದಿದ್ದರು. ಅತ್ತರು.

ಅಮ್ಮನಿಗೆ ಹೇಳದೇ ಇದ್ದದ್ದು ಇದು. ಐದನೇ ವಾರ ರಾತ್ರಿ 2 ಗಂಟೆಗೆ ಒಂದು ಮನೆಯ ನೆಲಮಾಳಿಗೆಗೆ ಕರೆದರು. ಫೋನ್ ಕಿತ್ತುಕೊಂಡರು. ಒಬ್ಬ ಉತ್ತರ ತಪ್ಪಿದರೆ ಎಲ್ಲರಿಗೂ ಶಿಕ್ಷೆ, ಗೋಡೆಗೆ ಒರಗಿ ಕುರ್ಚಿಯ ಹಾಗೆ ನಿಲ್ಲುವುದು, ದಂಡ ಹೊಡೆಯುವುದು. ಕುಡಿಸಲಿಲ್ಲ, ಹೊಡೆಯಲಿಲ್ಲ. ಬೆಳಗ್ಗೆ 5ಕ್ಕೆ ಬಿಟ್ಟರು. 8ಕ್ಕೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಪರೀಕ್ಷೆ ಇತ್ತು, ಫೇಲ್. ಆ ರಾತ್ರಿ ನಮ್ಮಲ್ಲಿ ಒಬ್ಬನಿಗೆ ಕಾಲು ನಡುಗಿ ಕುಸಿದ. ನಾವು ಆರು ಜನ ಅವನನ್ನು ಎತ್ತಿ ಹಿಡಿದೆವು. ಆಗ ನನಗೆ ಅನಿಸಿದ್ದು, ನಾವು ಈಗ ನಿಜವಾದ ಅಣ್ಣತಮ್ಮಂದಿರು ಅಂತ. ಅಲ್ಲೇ ಮೋಸ ಇರುವುದು. ಅವನು ಕುಸಿಯುವ ಹಾಗೆ ಮಾಡಿದವರೂ ಅಣ್ಣಂದಿರೇ ಅಂತ ಹೊಳೆಯಲಿಲ್ಲ.

ಮುಂದಿನ ವರ್ಷ ಅದೇ ನೆಲಮಾಳಿಗೆಯಲ್ಲಿ ನಾನು ಟಾರ್ಚ್ ಹಿಡಿದು ನಿಂತಿದ್ದೆ. ಯಾರೂ ಬಲವಂತ ಮಾಡಲಿಲ್ಲ. ನನಗೆ ಮಾಡಿದ್ದಾರೆ, ನಾನೂ ಮಾಡಬೇಕು, ಅಷ್ಟೇ. ಒಬ್ಬ ಹುಡುಗ ಅಳುತ್ತಿದ್ದ, ನಾನು ಕೂಗುತ್ತಲೇ ಇದ್ದೆ. ಅವನು ಮಾರನೇ ದಿನ ಬಿಟ್ಟುಹೋದ. ಅವನ ಹೆಸರು ನನಗೆ ಗೊತ್ತು, ಇವತ್ತಿಗೂ ಮೆಸೇಜ್ ಮಾಡುವ ಧೈರ್ಯ ಬಂದಿಲ್ಲ. ಆ ಚಾಪ್ಟರ್ ಈಗ ಆ ವಾರ ನಿಲ್ಲಿಸಿದೆ ಅಂತ ಕೇಳಿದ್ದೇನೆ.

ಹುಬ್ಬಳ್ಳಿ ಮೆಣಸಿನಕಾಯಿ
ಜಗಳಕ್ಕೆ ಬಂದಿದ್ದೆ, ಈಗ ಏನು ಬರೆಯುವುದು ತಿಳಿಯುತ್ತಿಲ್ಲ. ಬರೆದಿದ್ದು ಒಳ್ಳೆಯದಾಯಿತು ತಮ್ಮ. ಮೆಸೇಜ್ ಮಾಡು.

ದಾವಣಗೆರೆ ಬೆಣ್ಣೆ
ನಾನು ಎರಡನೇ ವರ್ಷಕ್ಕೆ ಬಂದಾಗ ಬೆಂಕಿಪೊಟ್ಟಣ ಹಿಡಿದು ಜೂನಿಯರ್ ಹತ್ತಿರ ಹೋಗಿದ್ದೆ. ಮೇಲೆ ಅದನ್ನು ಬರೆದಿರಲಿಲ್ಲ.

ಕರಿಬೇವು
ಪುಟ್ಟ, ಅಮ್ಮನಿಗೆ ಈಗಲಾದರೂ ಹೇಳಿದೆಯಾ?

ಡಲ್ಲಾಸ್ ಪುಟ್ಟ
ಅಮ್ಮ ಈ ಗುಂಪಿನಲ್ಲೇ ಇದ್ದಾರೆ ಆಂಟಿ. ಇನ್ನೇನು ಫೋನ್ ಬರುತ್ತದೆ.

ಬೈಟೂ ಕಾಫಿ
ಗುರು, ಫೋನ್ ಕಿತ್ತುಕೊಳ್ಳುವ ಫ್ರಟರ್ನಿಟಿ ಇದ್ದರೆ ಈಗ ಸೇರಿಕೋ.

ಎಂಎಸ್ ಹುಡುಗ
ನಾನು ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಇರುವವನು, ಟಿಎ, ಅಂದರೆ ಪಾಠದ ಸಹಾಯಕನ ಕೆಲಸ ಮಾಡುತ್ತೇನೆ. ನಮ್ಮ ಎಂಎಸ್‌ನವರನ್ನು ಈ ಗುಂಪುಗಳು ಕರೆಯುವುದೂ ಇಲ್ಲ, ನಮಗೆ ಹೊತ್ತೂ ಇಲ್ಲ. ಸೋಮವಾರ ಬೆಳಗ್ಗೆಯ ಲ್ಯಾಬಿಗೆ ಒಂದೇ ಬಣ್ಣದ ಅಂಗಿ ಹಾಕಿಕೊಂಡು ತೂಕಡಿಸುವ ನಾಲ್ಕು ಜನ ಬಂದರೆ ಪ್ಲೆಜ್ ಸೀಸನ್ ಶುರುವಾಯಿತು ಅಂತ ನನಗೆ ಗೊತ್ತಾಗುತ್ತದೆ. ಮಗನಿಗೆ ಜನ ಬೇಕು ಅಂತಾದರೆ ಬೇರೆ ದಾರಿಯೂ ಇದೆ ಅಕ್ಕ. ಬಿಸಿನೆಸ್ ಓದುವವರಿಗೆ ಆಲ್ಫಾ ಕಪ್ಪಾ ಸೈ, ಎಂಜಿನಿಯರಿಂಗ್‌ಗೆ ಥೀಟಾ ಟೌ, ಎರಡೂ 1904ರಲ್ಲಿ ಶುರುವಾದವು. ಸಮಾಜಸೇವೆಗೆ ಆಲ್ಫಾ ಫೈ ಒಮೆಗಾ, 1925ರದು. ಇವುಗಳಲ್ಲಿ ಹುಡುಗ ಹುಡುಗಿ ಇಬ್ಬರೂ ಇರುತ್ತಾರೆ.

ಲಾ ಪಾಯಿಂಟ್
ಅವರಲ್ಲೂ ಪ್ಲೆಜ್ ಇದೆ, ಅವರ ಹೆಸರೂ ಆ ವರದಿಗಳಲ್ಲಿ ಬಂದಿದ್ದುಂಟು. ಬೋರ್ಡ್ ನೋಡಿ ನಂಬಬೇಡಿ, ಆಯಾ ಚಾಪ್ಟರ್ ನೋಡಿ.

ತುಮಕೂರಿನ ಅಜ್ಜ
ಸುಧಾ ತಾಯಿ, ಮಗುವನ್ನು ಒಂದು ಸಲ ಹೋಗಿ ನೋಡಿಕೊಂಡು ಬಾರಮ್ಮ. ಫೋನಿನಲ್ಲಿ ಇದೆಲ್ಲ ಆಗುವುದಿಲ್ಲ.

ಹಾಸನದ ಸುಧಾ
ಅಜ್ಜ, ಹೋಗಿ ಬಂದೆ. ಬುಧವಾರ ರಜೆ ಹಾಕಿ ಪುಳಿಯೋಗರೆ ಕಟ್ಟಿಕೊಂಡು ಹೊರಟೆವು. ಚಾಪ್ಟರಿನ ಪ್ರೆಸಿಡೆಂಟ್ ಹುಡುಗನನ್ನೂ ಮಗ ಊಟಕ್ಕೆ ಕರೆದಿದ್ದ. ಅವನ ತಾಯಿಯ ಕಡೆಯವರು ಶಿವಮೊಗ್ಗದವರಂತೆ, "ಆಂಟಿ ಗೊಜ್ಜು ಸೂಪರ್" ಅಂದ. ಒಳ್ಳೆ ಹುಡುಗ. ನಾನು ಲಾ ಪಾಯಿಂಟ್ ಅವರು ಹೇಳಿದ ವರದಿ ನೋಡಿಕೊಂಡೇ ಹೋಗಿದ್ದೆ, ಅವರ ಹೆಸರಿರಲಿಲ್ಲ. ದುಡ್ಡು ಯಾವುದಕ್ಕೆ ಖರ್ಚಾಗುತ್ತದೆ ಅಂತ ಕೇಳಿದೆ, ಇನ್ಶೂರೆನ್ಸ್, ನ್ಯಾಷನಲ್ಸ್‌ಗೆ ಇಷ್ಟು, ಕಾರ್ಯಕ್ರಮಕ್ಕೆ ಇಷ್ಟು ಅಂತ ಫೋನ್ ತೆಗೆದು ತೋರಿಸಿದ. ಪರೀಕ್ಷೆಯ ಹಿಂದಿನ ರಾತ್ರಿ ಕರೆಯುತ್ತೀರಾ ಅಂದೆ, ಇಲ್ಲ ಅಂದ. ಮಗ ನಡುವೆ ಎದ್ದು ಬಂದರೆ ಏನಾಗುತ್ತದೆ ಅಂದೆ, ಏನೂ ಆಗುವುದಿಲ್ಲ ಅಂದ.

ಆಮೇಲೆ ಪುಟ್ಟನನ್ನು ನೆನೆದು ಕೇಳಿದೆ, ಅವರ ಫೋನ್ ಅವರ ಹತ್ತಿರವೇ ಇರುತ್ತದಾ ಅಂತ. ಹುಡುಗ ತಟ್ಟೆ ನೋಡಿದ. "ಮೋಸ್ಟ್ಲಿ ಆಂಟಿ" ಅಂದ.

ವಾಪಸ್ ಹೋಗುವಾಗ ಕಾರಿನ ಹತ್ತಿರ ಮಗನೇ ಅಂದ, "ಆ ಮೋಸ್ಟ್ಲಿ ನನಗೂ ಕೇಳಿಸಿತು ಅಮ್ಮ." ಈ ಸಲ ಬೇಡ, ಬರುವ ಫಾಲ್ ಸೆಮಿಸ್ಟರ್‌ನಲ್ಲಿ ನೋಡುತ್ತೇನೆ ಅಂತ ಅವರಿಗೆ ಹೇಳಿದ್ದಾನಂತೆ. ಪ್ರೆಸಿಡೆಂಟ್ ಸರಿ ಅಂದನಂತೆ. ಇಬ್ಬರೂ ಮಾರನೇ ದಿನ ಒಟ್ಟಿಗೆ ಕ್ರಿಕೆಟ್ ಆಡಲು ಹೋಗಿದ್ದರು. ನನಗೆ ಇದು ಅರ್ಥವಾಗಲಿಲ್ಲ, ಆದರೆ ನಿದ್ದೆ ಬಂತು.

ಶರಾವತಿ ದಂಡೆ
ಬರುವ ಫಾಲ್‌ನಲ್ಲೂ ಬೇಡ.

ಡಲ್ಲಾಸ್ ಪುಟ್ಟ
ಆಂಟಿ, ಫಾಲ್‌ನಲ್ಲಿ ನನಗೆ ಫೋನ್ ಮಾಡಲು ಹೇಳಿ. ಅಮ್ಮನ ಫೋನ್ ಬಂತು, ಒಂದು ಗಂಟೆ ಹತ್ತು ನಿಮಿಷ.

ಅಟ್ಲಾಂಟಾ ಅಯ್ಯ
ಪುಳಿಯೋಗರೆ ಗೊಜ್ಜು ಮನೆಯದಾ, ಅಂಗಡಿಯದಾ?

ಹೊಸಬ ಹರಿಹರ
ಮೇಲಿನದು ಪೂರ್ತಿ ಓದಲಿಲ್ಲ, ತುಂಬಾ ಉದ್ದ ಇದೆ. ಬಿಡ್ ಅಂದರೆ ಹರಾಜಾ? ಹುಡುಗರನ್ನು ಹರಾಜು ಹಾಕುತ್ತಾರಾ?